ಮೂರನೇ ವರ್ಷ ಶುರುವಾದ ಸೀನು: ಕ್ಯಾಂಪಸ್ಸಿನ ಪರಾಗ ಅಲರ್ಜಿಯನ್ನು ಎಣಿಸುವವರು ಯಾರು?

ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಸುಮಾರು ಒಂದು ತಾಸಿನ ದಾರಿ. ಡಿಗ್ರಿ ಓದುವಾಗ ಮೂರು ವರ್ಷ ದಿನಾ ಈ ದಾರಿಯಲ್ಲಿ ಓಡಾಡಿದೆ. ಎಂ.ಎ.ಗೆ ಸೇರಿದ ಮೇಲೆ ನಗರದಲ್ಲೇ ರೂಮು ಮಾಡಿದೆ. ಮೊದಲೆರಡು ವರ್ಷ ನನಗೇನೂ ತೊಂದರೆ ಇರಲಿಲ್ಲ. ಮೂರನೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರುವಾಯಿತು. ಒಂದರ ಹಿಂದೊಂದು ಹತ್ತು, ಹನ್ನೆರಡು. ಮೂಗಿನಿಂದ ತಿಳಿನೀರು, ಕಣ್ಣು ಕೆಂಪು, ಅಂಗಳದ ಹತ್ತಿರ ಎಂಥದೋ ಕೆರೆತ. ಜ್ವರ ಮಾತ್ರ ಇಲ್ಲ.

ಅವ್ವನಿಗೆ ಇದರ ಕಾರಣ ಮೊದಲೇ ಗೊತ್ತಿತ್ತು: "ಯಪ್ಪಾ, ತಲಿ ಒಣಗಸಲ್ದೇ ಬಸ್ಸಿಗೆ ಓಡ್ತಿ, ಅದಕ್ಕ ನೆಗಡಿ ಬಿಡವಲ್ದು." ಮೆಡಿಕಲ್ ಶಾಪಿನ ಕಾಕಾನಿಗೂ ಗೊತ್ತಿತ್ತು: "ಇದು ಎಲ್ಲಾರಿಗೂ ಅದ ತಮ್ಮಾ. ಮುಂಜಾನಿ ಒಂದು, ರಾತ್ರಿ ಒಂದು ತಗೋ." ತಗೊಂಡೆ. ಸೀನು ನಿಂತಿತು, ಜೊತೆಗೆ ಕಣ್ಣೂ ಮುಚ್ಚಿಕೊಂಡು ಬಂದವು. ಆ ಸೆಮಿಸ್ಟರಿನ ಒಂದು ಪೇಪರನ್ನು ನಾನು ಅರ್ಧ ನಿದ್ದೆಯಲ್ಲೇ ಬರೆದೆ. ಅಂಕಪಟ್ಟಿಯಲ್ಲಿ ಅದು ಈಗಲೂ ಕಾಣುತ್ತದೆ.

ಕಾಕಾ ಹೇಳಿದ "ಎಲ್ಲಾರಿಗೂ ಅದ" ಅನ್ನೋ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಎಲ್ಲರಿಗೂ ಇದ್ದರೆ ಅದು ನೆಗಡಿ ಹೇಗಾಗುತ್ತೆ? ನಾಲ್ಕು ಜನ ಇದ್ದ ನಮ್ಮ ರೂಮಿನಲ್ಲಿ ಕೊನೆಯ ವರ್ಷದ ಹೊತ್ತಿಗೆ ಇನ್ನೊಬ್ಬನಿಗೂ ಇದೇ ಕಥೆ ಶುರುವಾಗಿತ್ತು. ಅವನಿಗೂ ಮೊದಲ ವರ್ಷ ಏನೂ ಇರಲಿಲ್ಲ. ಕಡೆಗೆ ಒಬ್ಬ ವೈದ್ಯರು ಹತ್ತು ನಿಮಿಷ ಕೂರಿಸಿ ಕೇಳಿದ ಮೇಲೆ ಉತ್ತರ ಸಿಕ್ಕಿತು: ಪರಾಗದ ಅಲರ್ಜಿ. ಯಾವ ಗಿಡದ್ದು ಅನ್ನೋದಕ್ಕೆ ಹೆಚ್ಚು ಹುಡುಕಬೇಕಾಗಿರಲಿಲ್ಲ. ಅದು ನಾವು ದಿನಾ ತುಳಿದುಕೊಂಡು ಹೋಗುತ್ತಿದ್ದ ಕಾಂಗ್ರೆಸ್ ಹುಲ್ಲು.

ಮೊದಲ ವರ್ಷ ಯಾಕೆ ಏನೂ ಆಗಲ್ಲ?

"ಇಷ್ಟು ವರ್ಷ ಇದೇ ಗಾಳಿ ಕುಡಿದಿದ್ದೀನಿ, ಆಗ ಆಗದೇ ಇದ್ದದ್ದು ಈಗ ಯಾಕೆ?" ಅಂತ ಹೆಚ್ಚಿನವರು ಕೇಳುತ್ತಾರೆ. ಅಲರ್ಜಿಯ ಸ್ವಭಾವವೇ ಹಾಗೆ. ಅದು ಮೊದಲ ಭೇಟಿಯಲ್ಲಿ ಬರುವ ಕಾಯಿಲೆ ಅಲ್ಲ.

ಪರಾಗದ ಕಣ ಮೂಗಿನ ಒಳಪದರಕ್ಕೆ ಅಂಟಿದಾಗ ಅದರಲ್ಲಿರುವ ಪ್ರೋಟೀನುಗಳು ಕರಗಿ ಒಳಗೆ ಹೋಗುತ್ತವೆ. ಹೆಚ್ಚಿನವರ ದೇಹ ಅದನ್ನು ಧೂಳಿನ ಲೆಕ್ಕಕ್ಕೆ ಬಿಟ್ಟುಬಿಡುತ್ತದೆ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಅದನ್ನು ಶತ್ರು ಅಂತ ತಪ್ಪು ತಿಳಿದು, ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸಲು ಶುರು ಮಾಡುತ್ತದೆ. ಈ ಐಜಿಇಗಳು ಮೂಗು, ಕಣ್ಣು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೈಮೇಲೆ ಹೋಗಿ ಕೂರುತ್ತವೆ. ಈ ಹಂತದಲ್ಲಿ ನಿಮಗೆ ಒಂದು ಸೀನೂ ಬರುವುದಿಲ್ಲ. ಒಳಗೆ ಬರೀ ತಯಾರಿ ನಡೆಯುತ್ತಿರುತ್ತದೆ. ಇದನ್ನು ವೈದ್ಯರು ಸೆನ್ಸಿಟೈಸೇಶನ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ದೇಹ ಆ ಪರಾಗದ ಮೇಲೆ ಹಗೆ ಕಟ್ಟಿಕೊಳ್ಳುತ್ತದೆ.

ಮುಂದಿನ ಹಂಗಾಮಿನಲ್ಲೋ, ಅದರ ಮುಂದಿನದರಲ್ಲೋ ಅದೇ ಪರಾಗ ಮತ್ತೆ ಬಂದು ಆ ಐಜಿಇಗಳಿಗೆ ತಾಗಿದಾಗ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಸುರಿಸುತ್ತವೆ. ಸೀನು, ನೀರು, ಕೆರೆತ ಎಲ್ಲಾ ಅದರ ಕೆಲಸ. ಹಗೆ ಕಟ್ಟುವುದಕ್ಕೂ ಮೊದಲ ಸೀನಿಗೂ ನಡುವೆ ಒಂದೆರಡು ಹಂಗಾಮು, ಕೆಲವೊಮ್ಮೆ ಹಲವು ವರ್ಷ ಹಿಡಿಯಬಹುದು. ಅಪ್ಪ ಅಥವಾ ಅವ್ವನಿಗೆ ಅಲರ್ಜಿ, ಅಸ್ತಮಾ ಇದ್ದರೆ ಸಾಧ್ಯತೆ ಹೆಚ್ಚು. ಆದರೆ ಮನೆಯಲ್ಲಿ ಯಾರಿಗೂ ಇಲ್ಲದವರಿಗೂ ಬರುತ್ತದೆ.

ಹಳ್ಳಿಯಲ್ಲೂ ಇದೇ ಹುಲ್ಲು ಇತ್ತಲ್ಲ, ನಗರದಲ್ಲಿ ಯಾಕೆ ಜೋರಾಯಿತು? ಇದಕ್ಕೆ ಒಂದು ಸುಳಿವು 1990ರ ದಶಕದಲ್ಲಿ ಸಿಕ್ಕಿದೆ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ರ‍್ಯಾಗ್‌ವೀಡ್ ಅಲರ್ಜಿ ಇದ್ದವರ ಮೂಗಿಗೆ ಆ ಗಿಡದ ಪರಾಗದ ಸಾರವನ್ನು ಒಮ್ಮೆ ಒಂಟಿಯಾಗಿ, ಇನ್ನೊಮ್ಮೆ ಡೀಸೆಲ್ ಹೊಗೆಯ ಕಣಗಳ ಜೊತೆಗೆ ಕೊಟ್ಟು ನೋಡಿದರು. ಡೀಸೆಲ್ ಜೊತೆಗಿದ್ದಾಗ ಆ ಪರಾಗಕ್ಕೆ ಹುಟ್ಟುವ ಐಜಿಇ ಬಹಳ ಹೆಚ್ಚಾಯಿತು. ರ‍್ಯಾಗ್‌ವೀಡ್ ಕಾಂಗ್ರೆಸ್ ಹುಲ್ಲಿನ ಹತ್ತಿರದ ಸಂಬಂಧಿ. ಈಗ ನಮ್ಮ ಬಸ್ ನಿಲ್ದಾಣದ ಆಸುಪಾಸು ನೆನಪಿಸಿಕೊಳ್ಳಿ: ಒಂದು ಬದಿ ಬಸ್ಸು, ಟಂಟಂಗಳ ಹೊಗೆ, ಇನ್ನೊಂದು ಬದಿ ಖಾಲಿ ಪ್ಲಾಟಿನಲ್ಲಿ ಸೊಂಟದೆತ್ತರ ಬೆಳೆದ ಬಿಳಿ ಹೂವಿನ ಹುಲ್ಲು.

ವಿದ್ಯಾರ್ಥಿಗಳನ್ನು 23 ವರ್ಷ ಹಿಂಬಾಲಿಸಿದವರು

ವಿದ್ಯಾರ್ಥಿಗಳಲ್ಲಿ ಈ ಅಲರ್ಜಿ ವರ್ಷ ಕಳೆದಂತೆ ಏನಾಗುತ್ತದೆ ಅಂತ ಗೊತ್ತಾಗಬೇಕಾದರೆ ಅದೇ ಜನರನ್ನು ಮತ್ತೆ ಮತ್ತೆ ಕೇಳಬೇಕು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಆ ಕೆಲಸ ನಡೆದಿದೆ. ಮೊದಲ ವರ್ಷಕ್ಕೆ ಸೇರಿದ 1,836 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಅವರಲ್ಲಿ 738 ಮಂದಿಯನ್ನು 23 ವರ್ಷದ ನಂತರ ಮತ್ತೆ ಹುಡುಕಿ ಕೇಳಿದರು. ಆ ಹೊತ್ತಿಗೆ ಅವರ ಸರಾಸರಿ ವಯಸ್ಸು 40. ಅದರ ಫಲಿತಾಂಶ 1994ರಲ್ಲಿ ಪ್ರಕಟವಾಯಿತು.

ಅದರಲ್ಲಿ ನಮಗೆ ಬೇಕಾದ ಮಾತು ಇದು. ಕಾಲೇಜಿಗೆ ಬಂದಾಗ ಅಸ್ತಮಾ ಇಲ್ಲದೆ ಮೂಗಿನ ಅಲರ್ಜಿ ಮಾತ್ರ ಇದ್ದವರಲ್ಲಿ ಶೇ. 10.5ರಷ್ಟು ಮಂದಿಗೆ ಮುಂದೆ ಅಸ್ತಮಾ ಬಂತು. ಆ ಅಲರ್ಜಿ ಇಲ್ಲದವರಲ್ಲಿ ಅಸ್ತಮಾ ಬಂದದ್ದು ಶೇ. 3.6ರಷ್ಟು ಜನರಿಗೆ. ಅಂದರೆ ಸುಮಾರು ಮೂರು ಪಟ್ಟು ವ್ಯತ್ಯಾಸ. ಸಮಾಧಾನದ ಸುದ್ದಿಯೂ ಇದೆ. ಅದೇ ಗುಂಪಿನಲ್ಲಿ ಮೂಗಿನ ಅಲರ್ಜಿ ಇದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ವರ್ಷಗಳು ಕಳೆದಂತೆ ತೊಂದರೆ ತಗ್ಗಿತ್ತು. ಹಾಗಾಗಿ ಹೆದರಬೇಕಿಲ್ಲ, ಆದರೆ "ಬರೀ ನೆಗಡಿ" ಅಂತ ಬಿಡುವಂತೆಯೂ ಇಲ್ಲ.

ಒಬ್ಬ ವ್ಯಕ್ತಿಯ ಜೀವನದಲ್ಲಿ ಅಲರ್ಜಿ ಬೆಳೆಯುವುದು ಒಂದು ಲೆಕ್ಕ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬೆಳೆಯುವುದು ಇನ್ನೊಂದು ಲೆಕ್ಕ. ಸ್ವಿಟ್ಜರ್‌ಲೆಂಡಿನಲ್ಲಿ 1926ರಲ್ಲಿ ಎಣಿಸಿದಾಗ ಪರಾಗದ ಅಲರ್ಜಿ ಇದ್ದವರು ಶೇ. 1ಕ್ಕಿಂತ ಕಡಿಮೆ. 1991ರಲ್ಲಿ ಎಣಿಸಿದಾಗ ಶೇ. 14ರ ಆಸುಪಾಸು. ಸ್ವೀಡನ್ನಿನಲ್ಲಿ ಸೈನ್ಯದ ತಪಾಸಣೆಗೆ ಬರುವ ಹದಿಹರೆಯದ ಯುವಕರ ದಾಖಲೆಗಳನ್ನು ಹೋಲಿಸಿದರೆ, 1971ರಲ್ಲಿ ಶೇ. 4.4 ಇದ್ದ ಮೂಗಿನ ಅಲರ್ಜಿ 1981ಕ್ಕೆ ಶೇ. 8.4 ಆಗಿತ್ತು. ಹತ್ತೇ ವರ್ಷದಲ್ಲಿ ಸುಮಾರು ಎರಡು ಪಟ್ಟು. ಹತ್ತು ವರ್ಷದಲ್ಲಿ ಜನರ ವಂಶವಾಹಿ ಬದಲಾಗಲ್ಲ. ಬದಲಾದದ್ದು ಗಾಳಿ, ಮನೆ, ಊಟ, ಬದುಕು.

ಈ ದೇಶಗಳಿಗೆಲ್ಲಾ ಇದು ಗೊತ್ತಾದದ್ದು ಎಣಿಸಿದ್ದರಿಂದ. ಈ ಮಾತನ್ನು ನೆನಪಿಡಿ, ಕೊನೆಗೆ ಮತ್ತೆ ಬರುತ್ತೀನಿ.

ಕಣ್ಣಿಗೆ ಕಾಣುವ ಹೂವು ಅಪರಾಧಿ ಅಲ್ಲ

ಅಲರ್ಜಿ ಅಂದ ಕೂಡಲೇ ಜನ ಮಲ್ಲಿಗೆ, ಗುಲಾಬಿಗಳನ್ನು ದೂರುತ್ತಾರೆ. ಬಣ್ಣ, ವಾಸನೆ ಇರುವ ಹೂವುಗಳ ಪರಾಗ ಸಾಮಾನ್ಯವಾಗಿ ಅಂಟಾಗಿ, ಭಾರವಾಗಿ ಇರುತ್ತದೆ. ಜೇನು, ದುಂಬಿ ಅದನ್ನು ಹೊರುತ್ತವೆ. ನಮ್ಮ ಜಿಲ್ಲೆಯ ಹೆಮ್ಮೆಯ ತೊಗರಿಯೂ ಹಾಗೆಯೇ. ಹಳದಿ ಹೂವಿನ ತೊಗರಿ ಹೊಲ ನೋಡಿ ಮೂಗು ಮುಚ್ಚಿಕೊಳ್ಳುವ ಅಗತ್ಯ ಇಲ್ಲ. ತೊಗರಿ ರಾಶಿ ಮಾಡುವಾಗ ಏಳುವ ಧೂಳಿನ ಕಥೆ ಬೇರೆ, ಅದು ಪರಾಗ ಅಲ್ಲ.

ಮೂಗಿಗೆ ತೊಂದರೆ ಕೊಡುವವು ಗಾಳಿಯನ್ನು ನಂಬಿಕೊಂಡ ಗಿಡಗಳು. ಯಾವ ಹುಳಕ್ಕೂ ಕಾಯದೆ ಪರಾಗವನ್ನು ಗಾಳಿಗೆ ತೂರುವಂಥವು. ಜೋಳ ಸೇರಿದಂತೆ ಹುಲ್ಲಿನ ಜಾತಿಯವು, ಮುಳ್ಳುದಂಟಿನ ಕುಟುಂಬದ ಕಳೆಗಳು, ಬದುವಿನ ಮೇಲಿನ ಔಡಲ. ಇವುಗಳ ಪರಾಗ ಹಗುರ, ಒಣ, ಬರಿಗಣ್ಣಿಗೆ ಕಾಣದಷ್ಟು ಸಣ್ಣ. ರಸ್ತೆಬದಿಯಲ್ಲಿ ಬೇಲಿಯಂತೆ ಹಬ್ಬಿರುವ ಬಳ್ಳಾರಿ ಜಾಲಿಯ ಪರಾಗಕ್ಕೂ ದೇಶದ ಹಲವು ಕಡೆ ಅಲರ್ಜಿ ದಾಖಲಾಗಿದೆ.

ಇವೆಲ್ಲದರ ಮೇಲೆ ಪಾರ್ಥೇನಿಯಂ. ಮೊದಲ ಮಳೆಗೆ ಮೊಳೆತು ಒಂದು, ಒಂದೂವರೆ ತಿಂಗಳಲ್ಲೇ ಹೂ ಬಿಡುತ್ತದೆ. ಹಸಿ ಇರುವಷ್ಟು ಕಾಲ ಬಿಡುತ್ತಲೇ ಇರುತ್ತದೆ. ಒಂದೇ ಗಿಡ 60 ಕೋಟಿಗೂ ಹೆಚ್ಚು ಪರಾಗ ಕಣಗಳನ್ನು ಉದುರಿಸಬಲ್ಲದು, ಸಾವಿರಾರು ಬೀಜ ಕಟ್ಟಬಲ್ಲದು. ಅದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಚರ್ಮಕ್ಕೂ ಕೆಟ್ಟದ್ದು. ಕುತ್ತಿಗೆ, ಮೊಣಕೈ ಮಡಿಕೆ, ಕಣ್ಣಿನ ರೆಪ್ಪೆಗಳ ಮೇಲೆ ಕೆರೆತದ ಗಾಯ ಮಾಡುತ್ತದೆ. ಗಿಡ ಮುಟ್ಟದವರಿಗೂ ಗಾಳಿಯಲ್ಲಿ ಹಾರುವ ಒಣಪುಡಿ ತಾಗಿಯೇ ಇದು ಬರುತ್ತದೆ.

ಇದು ನಮ್ಮ ನೆಲದ ಗಿಡ ಅಲ್ಲ, ಅಮೆರಿಕ ಖಂಡದ್ದು. 1955ರ ಸುಮಾರಿಗೆ ಪುಣೆಯಲ್ಲಿ ಕಂಡ ಮೇಲೆ ದೇಶದ ಗಮನಕ್ಕೆ ಬಂತು. ಪಿಎಲ್-480 ಯೋಜನೆಯಡಿ ಅಮೆರಿಕದಿಂದ ಬಂದ ಗೋಧಿಯ ಜೊತೆ ಬೀಜ ಬಂತು ಅನ್ನೋದು ಎಲ್ಲರೂ ಹೇಳುವ ಕಥೆ. ಅದಕ್ಕೂ ಬಹಳ ಮೊದಲೇ ಇಲ್ಲಿ ಇತ್ತು ಅನ್ನೋದಕ್ಕೆ ಹಳೆಯ ಸಸ್ಯಸಂಗ್ರಹಗಳ ಮಾದರಿಗಳೂ ಇವೆ. ಹೆಸರಿನ ಬಗ್ಗೆಯೂ ಎರಡು ಕಥೆ: ಬಿಳಿ ಹೂವು ಗಾಂಧಿ ಟೋಪಿಯಂತೆ ಕಾಣುತ್ತೆ ಅಂತ ಕೆಲವರು, ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಹಬ್ಬಿತು ಅಂತ ಇನ್ನು ಕೆಲವರು. ಅದರ ನಂತರ ಎಷ್ಟೋ ಪಕ್ಷಗಳು ಬಂದು ಹೋದವು. ಹುಲ್ಲು ಯಾವ ಚುನಾವಣೆಯಲ್ಲೂ ಸೋತಿಲ್ಲ.

ಬೆಂಗಳೂರಿನಲ್ಲಿ ಸಿಕ್ಕ ಉತ್ತರ

ಪಾರ್ಥೇನಿಯಂ ಪರಾಗ ಮೂಗಿನ ಅಲರ್ಜಿ ತರುತ್ತದೆ ಅನ್ನೋದಕ್ಕೆ ಪುರಾವೆ ಹುಡುಕಲು ನಾವು ಹೊರದೇಶಕ್ಕೆ ಹೋಗಬೇಕಿಲ್ಲ. ಆ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಗಿನ ಅಲರ್ಜಿಯ ರೋಗಿಗಳಲ್ಲಿ ಶೇ. 34, ಅಸ್ತಮಾ ರೋಗಿಗಳಲ್ಲಿ ಶೇ. 12ರಷ್ಟು ಮಂದಿಯ ಚರ್ಮ ಈ ಪರಾಗದ ಸಾರಕ್ಕೆ ಪ್ರತಿಕ್ರಿಯಿಸಿತ್ತು.

ಅದೇ ತಂಡದ 1991ರ ಸಮೀಕ್ಷೆ ಇನ್ನೂ ಮುಖ್ಯ. ಅದು ಆಸ್ಪತ್ರೆಗೆ ಬಂದವರನ್ನು ಬಿಟ್ಟು ಸಾಮಾನ್ಯ ಜನರನ್ನು ನೋಡಿತು. ಶೇ. 7ರಷ್ಟು ಜನಕ್ಕೆ ಈ ಪರಾಗದಿಂದಾಗಿ ಮೂಗಿನ ಅಲರ್ಜಿ ಇತ್ತು. ಶೇ. 40ಕ್ಕೂ ಹೆಚ್ಚು ಜನರ ದೇಹ ಆಗಲೇ ಹಗೆ ಕಟ್ಟಿಕೊಂಡಿತ್ತು. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಸೀನುವವರು ನೂರಕ್ಕೆ ಏಳು, ಒಳಗೆ ತಯಾರಿ ಮುಗಿಸಿಕೊಂಡವರು ನಲವತ್ತು. ಮೊದಲ ವರ್ಷದ ತರಗತಿಯಲ್ಲಿ ಆರಾಮಾಗಿ ಕೂತ ನಾವು ಬಹುಶಃ ಈ ಎರಡನೇ ಗುಂಪಿನವರು.

ಮಕ್ಕಳ ಉಸಿರಾಟದ ಬಗ್ಗೆಯೂ ಬೆಂಗಳೂರಿನಲ್ಲಿ ದೀರ್ಘ ಲೆಕ್ಕ ಇದೆ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳ ದಾಖಲೆ ನೋಡಿದಾಗ, 1979ರಲ್ಲಿ ಶೇ. 9 ಇದ್ದ ಅಸ್ತಮಾ 1999ಕ್ಕೆ ಶೇ. 29.5 ಆಗಿತ್ತು. ಇದು ಆಸ್ಪತ್ರೆಯ ಲೆಕ್ಕ, ಇಡೀ ನಗರದ್ದಲ್ಲ. ಕಾರಣವೂ ಪರಾಗ ಒಂದೇ ಅಲ್ಲ, ವಾಹನದ ಹೊಗೆ ದೊಡ್ಡ ಪಾಲುದಾರ. ಆದರೂ ಒಬ್ಬ ವೈದ್ಯರು ಇಪ್ಪತ್ತು ವರ್ಷ ಒಂದೇ ಪ್ರಶ್ನೆಯನ್ನು ಕೇಳುತ್ತಾ ಬಂದದ್ದಕ್ಕೆ ಒಂದು ನಗರಕ್ಕೆ ತನ್ನ ಮಕ್ಕಳ ಶ್ವಾಸಕೋಶದ ಸ್ಥಿತಿ ಗೊತ್ತಾಯಿತು.

ಇದು ಓದಿದವರ, ಉಳ್ಳವರ ರೋಗವೇ?

ಪರಾಗದಿಂದಲೇ ಈ ಕಾಯಿಲೆ ಬರುತ್ತದೆ ಅಂತ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದವರು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. 1873ರ ಅವರ ಪುಸ್ತಕದಲ್ಲಿ ಒಂದು ವಿಚಿತ್ರ ಗಮನಿಕೆ ಇದೆ: ಹೊಲದಲ್ಲೇ ಬದುಕುವ ರೈತರಿಗೆ ಇದು ಅಪರೂಪ, ಓದಿದ ನಗರದ ಜನಕ್ಕೆ ಹೆಚ್ಚು. ಅವತ್ತಿನಿಂದ ಇವತ್ತಿನವರೆಗೂ ಅಲರ್ಜಿ ಅಂದರೆ ನಾಜೂಕಿನವರ ರೋಗ ಅನ್ನೋ ಭಾವನೆ ಹೋಗಿಲ್ಲ. ನಮ್ಮ ಕಡೆಯೂ "ಅಲರ್ಜಿ ಅಂತೆ" ಅಂದರೆ ಅದರಲ್ಲಿ ಒಂದು ನಗು ಇರುತ್ತೆ.

ಬ್ಲ್ಯಾಕ್ಲಿ ಹೇಳಿದ್ದರಲ್ಲಿ ಸತ್ಯ ಇಲ್ಲದೇ ಇಲ್ಲ. ದನಕರು, ಸಗಣಿ, ಮಣ್ಣಿನ ನಡುವೆ ಬೆಳೆದ ಮಕ್ಕಳಲ್ಲಿ ಅಲರ್ಜಿ ಕಡಿಮೆ ಅನ್ನೋದನ್ನು ಯುರೋಪಿನ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಕಮಲಾಪುರದಂಥ ಊರಿನಲ್ಲಿ ಈ ಮಾತನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಕೆಂಪು ಬಾಳೆಗೆ ಹೆಸರಾದ ನಮ್ಮೂರಲ್ಲಿ ಹೊಲ, ತೋಟದ ಕಳೆ ಕೀಳುವ ಕೆಲಸ ಹೆಚ್ಚಾಗಿ ಕೂಲಿ ಹೆಂಗಸರದ್ದು. ಬರಿಗೈಯಲ್ಲಿ ಕೀಳುತ್ತಾರೆ, ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಾರೆ. ಕೈ ಕೆರೆದರೆ ಕೊಬ್ಬರಿ ಎಣ್ಣೆ, ಉಸಿರು ಕಟ್ಟಿದರೆ ಕಷಾಯ. ಅಲರ್ಜಿ ತಜ್ಞರ ಹತ್ತಿರ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಅವರು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಬರದೇ ಇದ್ದದ್ದಕ್ಕೆ "ಬಡವರಿಗೆ ಈ ರೋಗ ಇಲ್ಲ" ಅಂದುಬಿಡುವುದು ಸುಲಭ.

ಅದೇ ಹೆಂಗಸರ ಮಕ್ಕಳು ಇವತ್ತು ಕಲಬುರಗಿಯ ಹಾಸ್ಟೆಲ್ಲುಗಳಲ್ಲಿ ಇದ್ದಾರೆ. ಮನೆಯಲ್ಲಿ ಡಿಗ್ರಿ ಕಾಣುತ್ತಿರುವ ಮೊದಲ ತಲೆಮಾರು. ಸೀನು ಬಂದರೆ ಅವರು ಹೋಗುವುದು ಅಲರ್ಜಿ ಕ್ಲಿನಿಕ್ಕಿಗೆ ಅಲ್ಲ, ಮೆಡಿಕಲ್ ಶಾಪಿಗೆ.

ಅಗ್ಗದ ಮಾತ್ರೆ, ದುಬಾರಿ ಅಂಕ

ಸೀನಿಗೆ ಕೌಂಟರಿನಲ್ಲಿ ಸಿಗುವ ಹಳೆಯ ಮಾತ್ರೆಗಳು, ಅಂದರೆ ಫೆನಿರಮಿನ್, ಕ್ಲೋರ್‌ಫೆನಿರಮಿನ್ ಜಾತಿಯವು, ಹಿಸ್ಟಮಿನ್ನನ್ನು ತಡೆಯುತ್ತವೆ. ಅವು ಮೆದುಳಿಗೂ ಹೋಗಿ ಮಂಪರು ತರುತ್ತವೆ. ಇದರ ಬೆಲೆ ಎಷ್ಟು ಅಂತ ಬ್ರಿಟನ್ನಿನಲ್ಲಿ ಲೆಕ್ಕ ಹಾಕಿದ್ದಾರೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 15ರಿಂದ 17 ವರ್ಷದ 1,834 ವಿದ್ಯಾರ್ಥಿಗಳ ಪೂರ್ವಸಿದ್ಧತಾ ಪರೀಕ್ಷೆ ಮತ್ತು ಅಂತಿಮ ಪರೀಕ್ಷೆಯ ಗ್ರೇಡುಗಳನ್ನು ಹೋಲಿಸಿದರು. ಪೂರ್ವಸಿದ್ಧತಾ ಪರೀಕ್ಷೆ ಚಳಿಗಾಲದಲ್ಲಿ, ಅಂತಿಮ ಪರೀಕ್ಷೆ ಪರಾಗದ ಹಂಗಾಮಿನಲ್ಲಿ. ಅಲರ್ಜಿಯ ಲಕ್ಷಣ ಇದ್ದವರು ಒಂದು ಗ್ರೇಡ್ ಕೆಳಗಿಳಿಯುವ ಸಾಧ್ಯತೆ ಉಳಿದವರಿಗಿಂತ ಶೇ. 40 ಹೆಚ್ಚಿತ್ತು. ಮಂಪರಿನ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ. 70 ಹೆಚ್ಚು.

ಇದನ್ನು ಓದಿದಾಗ ನನ್ನ ಆ ಪೇಪರು ನೆನಪಾಯಿತು. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅರ್ಧ ಅಂಕಕ್ಕೆ ನೌಕರಿ ಹೋಗುತ್ತೆ. ನಮ್ಮ ಭಾಗದ ಹುಡುಗರು ಹಿಂದೆ ಬೀಳುವುದಕ್ಕೆ ಶಾಲೆ, ಶಿಕ್ಷಕರು, ಬಡತನ ಅಂತ ಪಟ್ಟಿ ಮಾಡುತ್ತೇವೆ. ಎಲ್ಲವೂ ನಿಜ. ಆ ಪಟ್ಟಿಯ ಕೆಳಗಡೆ ಎಲ್ಲೋ ಈ ಮಾತ್ರೆಯೂ ಇರಬೇಕು.

ಕಾಯ್ದೆ ಇದೆ, ಜೀರುಂಡೆ ಇದೆ, ಸಪ್ತಾಹ ಇದೆ

ಸರ್ಕಾರಗಳಿಗೆ ಈ ಹುಲ್ಲಿನ ವಿಷಯ ಗೊತ್ತಿಲ್ಲ ಅನ್ನುವಂತಿಲ್ಲ. ಕರ್ನಾಟಕವು 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ 1975ರಲ್ಲೇ ಪಾರ್ಥೇನಿಯಂ ಅನ್ನು ಹಾನಿಕಾರಕ ಕಳೆ ಎಂದು ಘೋಷಿಸಿತ್ತು. ಅಂದರೆ ಅರ್ಧ ಶತಮಾನದ ಹಿಂದೆ. 1983ರಲ್ಲಿ ಮೆಕ್ಸಿಕೋದಿಂದ ಈ ಎಲೆ ತಿನ್ನುವ ಜೀರುಂಡೆಯನ್ನು ತರಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಈಗಲೂ ಹುಲ್ಲಿನ ಮೇಲೆ ಗೆರೆಗೆರೆಯ ಪುಟ್ಟ ಹುಳು ಕಾಣುತ್ತೀರಲ್ಲ, ಅದರ ಸಂತಾನವೇ. ಒಳ್ಳೆಯ ಕೆಲಸಗಾರ, ಆದರೆ ಮಳೆ ಹೋದ ಮೇಲೆ ಮಣ್ಣಿನಡಿ ಹೋಗಿ ಮಲಗುತ್ತದೆ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹವೂ ನಡೆಯುತ್ತದೆ.

ಸಪ್ತಾಹದಂಥ ಕಾರ್ಯಕ್ರಮ ತಪ್ಪಾದ ರೀತಿಯಲ್ಲಿ ನಡೆದರೆ ಏನಾಗುತ್ತೆ ಅನ್ನೋದಕ್ಕೆ ನಾನೇ ಸಾಕ್ಷಿ. ನಾನು ಓದಿದ ಒಂದು ಕಡೆ ಸೆಪ್ಟೆಂಬರಿನಲ್ಲಿ ಶ್ರಮದಾನ ಇಟ್ಟಿದ್ದರು. ಹುಲ್ಲು ಎದೆಯೆತ್ತರ, ಪೂರ್ತಿ ಹೂವು. ನಮಗೆ ಕೈಗವಸು ಇಲ್ಲ, ಮಾಸ್ಕ್ ಇಲ್ಲ. ಅರ್ಧ ದಿನ ಬರಿಗೈಯಲ್ಲಿ ಕಿತ್ತು, ರಾಶಿ ಹಾಕಿ, ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದೆವು. ಫೋಟೋ ಚೆನ್ನಾಗಿ ಬಂದಿತ್ತು. ಆ ರಾತ್ರಿ ಮೊದಲ ಸಲ ನನ್ನ ಎದೆಯಲ್ಲಿ ಸಿಳ್ಳೆ ಕೇಳಿಸಿತು. ಹೂ ಬಿಟ್ಟ ಮೇಲೆ ಕೀಳುವುದು ಎರಡು ರೀತಿಯಲ್ಲಿ ತಪ್ಪು: ಪರಾಗವನ್ನು ನಾವೇ ಮುಖಕ್ಕೆ ಎರಚಿಕೊಳ್ಳುತ್ತೇವೆ, ಬೀಜವನ್ನು ನಾವೇ ಬಿತ್ತುತ್ತೇವೆ.

ಇನ್ನು ಗಾಳಿಯ ಲೆಕ್ಕ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. ನಮ್ಮ ನಗರದ ಗಾಳಿ ಮಾನದಂಡ ಮೀರಿ ಕೆಟ್ಟಿದೆ ಅಂತ ಕೇಂದ್ರವೇ ಒಪ್ಪಿದ ಹಾಗಾಯಿತು. ಆದರೆ ಫೋನಿನಲ್ಲಿ ಕಾಣುವ ಎಕ್ಯೂಐ ಲೆಕ್ಕದಲ್ಲಿ ಇರುವುದು ಎಂಟು ಮಾಲಿನ್ಯಕಾರಕಗಳು: ಎರಡು ಗಾತ್ರದ ಧೂಳಿನ ಕಣ, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ ಮತ್ತು ಸೀಸ. ಪರಾಗ ಅದರಲ್ಲಿ ಇಲ್ಲ. ಎಕ್ಯೂಐ "ಚೆನ್ನಾಗಿದೆ" ಅಂತ ಹಸಿರು ತೋರಿಸಿದ ದಿನವೂ ನಾನು ಸೀನುತ್ತಾ ಕೂತಿರಬಹುದು.

ಪರಾಗ ಎಣಿಸುವುದು ರಾಕೆಟ್ ವಿಜ್ಞಾನವೇನಲ್ಲ. ಎತ್ತರದ ಕಟ್ಟಡದ ಮೇಲೆ ಗಾಳಿ ಹೀರುವ ಒಂದು ಯಂತ್ರ, ಅದರೊಳಗೆ ಅಂಟು ಪಟ್ಟಿ, ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಗುರುತಿಸಬಲ್ಲ ಒಬ್ಬ ವಿದ್ಯಾರ್ಥಿ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್. ಎನ್. ಅಗಾಶೆ ಅವರು ದಶಕಗಳ ಹಿಂದೆಯೇ ನಗರದ ಗಾಳಿಯ ಪರಾಗವನ್ನು ಹೀಗೆ ಅಧ್ಯಯನ ಮಾಡಿದ್ದರು. ಯಾವ ತಿಂಗಳು ಯಾವ ಪರಾಗ ಹಾರುತ್ತದೆ ಅನ್ನೋ ಪಟ್ಟಿ ಕೈಯಲ್ಲಿದ್ದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಹವಾಮಾನ ಬದಲಾಗುತ್ತಿರುವ ಕಾಲದಲ್ಲಿ ಹಳೆಯ ಪಟ್ಟಿಯೂ ಸಾಕಾಗುವುದಿಲ್ಲ. ಉತ್ತರ ಅಮೆರಿಕದ 1990ರಿಂದ 2018ರವರೆಗಿನ ದಾಖಲೆ ಪ್ರಕಾರ ಅಲ್ಲಿ ಪರಾಗದ ಹಂಗಾಮು ಸುಮಾರು 20 ದಿನ ಮೊದಲೇ ಶುರುವಾಗುತ್ತಿದೆ, ಪರಾಗದ ಪ್ರಮಾಣ ಶೇ. 21ರಷ್ಟು ಏರಿದೆ.

ಕೇಳಬೇಕಾದದ್ದು ಏನು?

ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಹಾಸ್ಟೆಲ್ ಊಟ, ಸ್ಕಾಲರ್‌ಶಿಪ್, ಬಸ್ ಪಾಸ್ ಇರುತ್ತವೆ. ಅದರ ಜೊತೆ ಇವನ್ನೂ ಸೇರಿಸೋಣ.

ಒಂದು, ಪ್ರವೇಶದ ದಿನ ಪ್ರತಿ ವಿದ್ಯಾರ್ಥಿಗೆ ಐದಾರು ಪ್ರಶ್ನೆಗಳ ಒಂದು ಹಾಳೆ: ಜ್ವರ ಇಲ್ಲದೆ ಸೀನು ಬರುತ್ತಾ, ಯಾವ ತಿಂಗಳು, ಕಣ್ಣು ಕೆರೆಯುತ್ತಾ, ಎದೆಯಲ್ಲಿ ಸಿಳ್ಳೆ ಬರುತ್ತಾ, ಮಾತ್ರೆ ತಗೋತೀರಾ. ಅದೇ ಹಾಳೆ ಪ್ರತಿ ವರ್ಷ ಮತ್ತೆ. ಮೂರೇ ವರ್ಷದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ಲೆಕ್ಕ ಸಿಗುತ್ತದೆ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಎರಡು, ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜುಗಳೂ ಇವೆ, ಸಸ್ಯಶಾಸ್ತ್ರ ವಿಭಾಗವೂ ಇದೆ. ಇಬ್ಬರೂ ಸೇರಿ ನಗರದಲ್ಲೊಂದು, ಕಮಲಾಪುರದಂಥ ತಾಲ್ಲೂಕು ಊರಿನಲ್ಲೊಂದು ಪರಾಗ ಎಣಿಕೆ ಕೇಂದ್ರ ನಡೆಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಕಟ್ಟಡಕ್ಕೆ ಬರುವ ಹಾಗೆ ಇದಕ್ಕೂ ಬರಲಿ ಅಂತ ಕೇಳುವುದು ತಪ್ಪೇನಲ್ಲ.

ಮೂರು, ಹುಲ್ಲು ಕೀಳುವುದು ಜೂನ್, ಜುಲೈನಲ್ಲಿ, ಹೂ ಬಿಡುವ ಮೊದಲು ಆಗಬೇಕು. ಕೈಗವಸು, ಮಾಸ್ಕ್ ಇಲ್ಲದೆ ಯಾರನ್ನೂ ಇಳಿಸಬಾರದು. ಈಗಾಗಲೇ ಅಲರ್ಜಿ ಇದ್ದವರನ್ನು ಆ ಕೆಲಸಕ್ಕೆ ಕರೆಯಲೇಬಾರದು. ಖಾಲಿ ಪ್ಲಾಟಿನ ಮಾಲೀಕರಿಗೆ ನೋಟಿಸ್ ಹೋಗಲಿ, ಕಾಯ್ದೆಯ ಪುಸ್ತಕ ಕಪಾಟಿನಿಂದ ಹೊರಗೆ ಬರಲಿ.

ನಾಲ್ಕು, ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ಮಂಪರು ಕಡಿಮೆ ಇರುವ ಮಾತ್ರೆಗಳು, ಮೂಗಿನ ಸ್ಪ್ರೇ ಮತ್ತು ಇನ್ಹೇಲರ್ ಸಿಗಬೇಕು.

ಅಲ್ಲಿಯವರೆಗೆ ನಾವು ಮಾಡಿಕೊಳ್ಳಬಹುದಾದದ್ದೂ ಇದೆ. ನೆಗಡಿ ಆದರೆ ವಾರ, ಹತ್ತು ದಿನದಲ್ಲಿ ಹೋಗುತ್ತೆ. ವಾರಗಟ್ಟಲೆ ತಿಳಿನೀರು, ಕೆರೆತ ಇದ್ದು, ಪ್ರತಿ ವರ್ಷ ಅದೇ ಹೊತ್ತಿಗೆ ಬಂದರೆ ಅಲರ್ಜಿ ಅಂತ ಅನುಮಾನಿಸಿ. ಯಾವ ತಿಂಗಳು ಬರುತ್ತೆ ಅಂತ ಬರೆದಿಡಿ, ವೈದ್ಯರಿಗೆ ಅದೇ ದೊಡ್ಡ ಸುಳಿವು. ಹೊರಗಿನಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆದರೆ ಹಲವರಿಗೆ ಹಗುರಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಮಾತ್ರೆಯ ಪ್ರಯೋಗ ಬೇಡ. ಎದೆಯಲ್ಲಿ ಸಿಳ್ಳೆ, ರಾತ್ರಿ ಕೆಮ್ಮು, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದು ಇದ್ದರೆ ಮೆಡಿಕಲ್ ಶಾಪನ್ನು ಬಿಟ್ಟು ನೇರ ವೈದ್ಯರ ಹತ್ತಿರ ಹೋಗಿ.

ನಾನೀಗ ಮೂಗಿಗೆ ಸ್ಪ್ರೇ ಹಾಕಿಕೊಳ್ಳುತ್ತೇನೆ, ಹಂಗಾಮು ಶುರುವಾಗುವ ಮೊದಲೇ. ಸೀನು ಪೂರ್ತಿ ಹೋಗಿಲ್ಲ, ಹಿಡಿತದಲ್ಲಿದೆ. ಹೋದ ತಿಂಗಳು ಊರಿಗೆ ಹೋದಾಗ ಅವ್ವನ ಮೊಣಕೈ ಮಡಿಕೆಯಲ್ಲಿ ಕಪ್ಪಗೆ ದಪ್ಪಗಾದ ಚರ್ಮ ನೋಡಿದೆ. ಎಷ್ಟು ದಿನದಿಂದ ಅಂತ ಕೇಳಿದೆ. "ಅಯ್ಯ, ಅದು ಹೊಲದ ಕೆರತ. ಎಲ್ಲಾರಿಗೂ ಅದ ಬಿಡು" ಅಂದಳು.

ಎಲ್ಲರಿಗೂ ಇದ್ದರೆ ಅದನ್ನು ಬಿಡಬಾರದು, ಎಣಿಸಬೇಕು. ಬರುವ ಸೋಮವಾರ ಅವ್ವನನ್ನು ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೀನಿ. ಒಂದು ದಿನದ ಕೂಲಿ ಹೋಗುತ್ತೆ ಅಂತ ಅವಳು ಈಗಲೇ ಗೊಣಗುತ್ತಿದ್ದಾಳೆ.